ಹಾಲೇಶಣ್ಣ ಹಿಡಿದ ಬೀಗದ ಕೈ ತಟ್ಟೆ

ಹೋದ ವಾರ ತಂಗಿ ಮನೆ ಗೃಹಪ್ರವೇಶಕ್ಕೆ ಅಂತ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದೆ. ಬಸ್ಸು ಮಾಚೇನಹಳ್ಳಿ ದಾಟುವಾಗ ಕಿಟಕಿಯಿಂದ ಒಂದು ವಾಸನೆ ನುಗ್ಗಿತು ನೋಡಿ, ಸುಟ್ಟ ಬೆಲ್ಲದ್ದು, ಅದರ ಬೆನ್ನಿಗೆ ಕಾದ ಮರಳಿಂದು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾರೋ ಪಾಕ ಸೀಯಿಸಿದಾರೆ" ಅಂತ ಮೂಗಿಗೆ ಸೆರಗು ಹಿಡಿದಳು. ಪಾಕ ಅಲ್ಲ ಮಾರಾಯ್ತಿ, ಅದು ಫೌಂಡ್ರಿ. ಎರಕದ ಅಚ್ಚು ಗಟ್ಟಿ ನಿಲ್ಲಲಿ ಅಂತ ಮರಳಿಗೆ ಕಾಕಂಬಿ ಕಲಸಿ ಒಲೆಯಲ್ಲಿ ಬೇಯಿಸುತ್ತಾರೆ. ಆ ವಾಸನೆ ಸೀರೆಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗಲ್ಲ. ನನ್ನ ತಲೆಯಿಂದಂತೂ ಇಪ್ಪತ್ತು ವರ್ಷದ ಮೇಲಾದರೂ ಹೋಗಿಲ್ಲ.

ಅದೇ ಹೊತ್ತಿಗೆ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂತು. ಈ ನಂಬರನ್ನು ಯಾರಿಗೂ ಹೇಳಬೇಡಿ, ನಮ್ಮವರು ಅಂತ ಫೋನ್ ಮಾಡಿದರೂ ಹೇಳಬೇಡಿ. ಈಗ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ ಬಿಡಿ. ನಮಗೆ ಇದನ್ನು ಮೊದಲು ಹೇಳಿಕೊಟ್ಟವರು ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದ, ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟ, ಖಾಕಿ ಅಂಗಿಯ ಒಬ್ಬ ಗೇಟ್ ಕಾವಲುಗಾರರು. ಹೆಸರು ಹಾಲೇಶಪ್ಪ, ಎಲ್ಲರ ಬಾಯಲ್ಲಿ ಹಾಲೇಶಣ್ಣ. ಅಂಥ ಮೇಷ್ಟ್ರು ನನಗೆ ಶಾಲೆಯಲ್ಲೂ ಸಿಗಲಿಲ್ಲ, ಕಾಲೇಜಿನಲ್ಲೂ ಸಿಗಲಿಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳ್ತೀನಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನನಗೆ ಇಪ್ಪತ್ಮೂರು. ನಮ್ಮ ಮನೆ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಕಾಗದದ ಕಾರ್ಖಾನೆಯಲ್ಲಿದ್ದ ಅಪ್ಪ ಮಾರ್ಚಿಗೆ ರಿಟೈರ್ ಆಗುವವರು. ಆಮೇಲೆ ಕ್ವಾರ್ಟರ್ಸ್ ಬಿಡಬೇಕು, ಬಾಡಿಗೆ ಮನೆ ಹುಡುಕಬೇಕು. ನನಗೆ ಫೌಂಡ್ರಿಯಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ, ಅದೂ ಟೆಂಪರವರಿ. "ದಸರಾ ಕಳೀಲಿ ಶೈಲಾ, ಖಾಯಂ ಮಾಡೋಣ" ಅಂತ ನಮ್ಮ ಓನರು ಅಂದಿದ್ದರು. ಆ ಒಂದು ಮಾತಿನ ಮೇಲೆ ನಮ್ಮ ಮನೆಮಂದಿಯೆಲ್ಲ ಕೂತಿದ್ದೆವು.

ಕಂಪ್ಯೂಟರ್ ರೂಮಿನ ಜಂಭ ಏನು ಕೇಳ್ತೀರಿ! ಗಾಜಿನ ಗೋಡೆ, ಏಸಿ, ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ಹೊರಗೆ ಜನ ಕಬ್ಬಿಣದ ಬಿಸಿಗೆ ಬೆಂದು ಬೆವರುತ್ತಿದ್ದರೆ ಒಳಗೆ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಮೂರು ಕಂಪ್ಯೂಟರು. ಒಂದು ನನ್ನದು, ಒಂದು ಪಕ್ಕದ ಸೀಟಿನ ಗೀತಾಳದ್ದು, ಇನ್ನೊಂದು ಸ್ಟೋರ್ ನೋಡುವ ರಾಜಣ್ಣನದ್ದು. ಮೂರಕ್ಕೂ ಒಂದೇ ಪಾಸ್‌ವರ್ಡು, ಓನರ ಮನೆದೇವರ ಹೆಸರು. ಅದು ಕ್ಯಾಂಟೀನಿನ ಭಟ್ಟರಿಗೂ ಗೊತ್ತಿತ್ತು. ಒಂದು ಸೋಮವಾರ ನನಗೇ ಸ್ಪೆಲಿಂಗ್ ಮರೆತುಹೋದಾಗ ಚಹಾ ಲೋಟ ಇಡುತ್ತಾ ಅಕ್ಷರ ಅಕ್ಷರವಾಗಿ ಹೇಳಿದವರು ಅವರೇ. ಅವತ್ತು ನಾನು ಅವರಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಪಂಪು ತಯಾರಿಸುವ ದೊಡ್ಡ ಗಿರಾಕಿಯೊಬ್ಬರು ನಮಗೆ ಡ್ರಾಯಿಂಗ್ ಕಳಿಸುತ್ತಿದ್ದರು. ಅದನ್ನು ನಾನು ಪ್ರಿಂಟು ತೆಗೆದು ಕೊಡಬೇಕು. ಅದನ್ನು ನೋಡಿ ಸೆಲ್ವಂ ಮೇಸ್ತ್ರಿ ಮರದಲ್ಲಿ ಪಂಪಿನ ಆಕಾರ ಕೆತ್ತಬೇಕು. ಆ ಮರದ ಆಕಾರವನ್ನು ಮರಳಿಗೆ ಒತ್ತಿ, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯಬೇಕು. ಜೂನ್ ಮಳೆ ಹಿಡಿದ ಹೊತ್ತಿಗೆ ಆ ಗಿರಾಕಿಯಿಂದ ಕಾಗದ ಬಂತು. ನಿಮಗೆ ಮಾತ್ರ ಕೊಟ್ಟಿದ್ದ ನಮ್ಮ ಹೊಸ ಪಂಪಿನ ಡ್ರಾಯಿಂಗ್ ಬೇರೊಂದು ಫೌಂಡ್ರಿಯ ಮೇಜಿನ ಮೇಲೆ ಸಿಕ್ಕಿದೆ. ದಸರಾ ಆದ ಸೋಮವಾರ ನಮ್ಮವರು ಬಂದು ನೋಡುತ್ತಾರೆ. ನಮ್ಮ ಗುಟ್ಟು ನಿಮ್ಮಲ್ಲಿ ಉಳಿಯುತ್ತದೆ ಅನ್ನಿಸಿದರೆ ಹೊಸ ಆರ್ಡರು, ಇಲ್ಲದಿದ್ದರೆ ಇಲ್ಲ. ಆ ಆರ್ಡರು ಬರುತ್ತೆ ಅಂತಲೇ ಸೆಲ್ವಂ ಮೇಸ್ತ್ರಿಯ ಕೈಕೆಳಗೆ ಜನ ತಗೊಂಡಿದ್ದರು, ನನ್ನನ್ನೂ ತಗೊಂಡಿದ್ದರು. ಆರ್ಡರು ಹೋದರೆ ನನ್ನ ಖಾಯಂ ಮಾತೂ ಹೋದಂತೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಓನರು ಮೊದಲು ಬೆಂಗಳೂರಿನಿಂದ ಒಬ್ಬ ಟೈ ಕಟ್ಟಿದ ತಜ್ಞರನ್ನು ಕರೆಸಿದರು. ಅವರು ಗೋಡೆಗೆ ಬಿಳಿ ಪಂಚೆ ಕಟ್ಟಿಸಿ, ಅದರ ಮೇಲೆ ಪ್ರೊಜೆಕ್ಟರಿನಿಂದ ಇಂಗ್ಲಿಷಿನ ಹಾಳೆ ಬಿಟ್ಟು ಎರಡು ಗಂಟೆ ಮಾತಾಡಿದರು. ನಡುವೆ ಕರೆಂಟ್ ಹೋಯಿತು. ಆಗಲೂ ಬಿಡಲಿಲ್ಲ. ಕೊನೆಯಲ್ಲಿ "ಎನಿ ಕ್ವೆಶ್ಚನ್ಸ್?" ಅಂದಾಗ ಸೆಲ್ವಂ ಮೇಸ್ತ್ರಿ ಎದ್ದು ನಿಂತು, "ಸಾರ್, ಊಟ ಇಲ್ಲೇನಾ, ಕ್ಯಾಂಟೀನಲ್ಲಾ?" ಅಂತ ಕೇಳಿದರು. ತಜ್ಞರು ಹಂಚಿದ ನಿಯಮದ ಹಾಳೆಗಳು ಮರುದಿನ ಚಹಾ ಲೋಟದ ಅಡಿಗೆ ಬಂದವು.

ಆಮೇಲೆ ಓನರು ಗುಟ್ಟು ಕಾಯುವ ಕೆಲಸವನ್ನು ಹಾಲೇಶಣ್ಣನಿಗೆ ವಹಿಸಿದರು. ಹಾಲೇಶಣ್ಣ ಯಾವುದೋ ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು, ನ್ಯೂ ಟೌನಿನಲ್ಲಿ ಮನೆ. ನಮ್ಮಲ್ಲಿ ಗೇಟ್ ನೋಡಿಕೊಳ್ಳಲು ವರ್ಷ ವರ್ಷಕ್ಕೆ ಬರೆದುಕೊಟ್ಟ ಕೆಲಸ. ಹಣೆಗೆ ವಿಭೂತಿ, ಕಿವಿ ಮೇಲೆ ಪೆನ್ನು, ಕಂಕುಳಲ್ಲಿ ದಪ್ಪ ಗೇಟ್ ಪುಸ್ತಕ. ಬಂದದ್ದು, ಹೋದದ್ದು, ಬಿದ್ದದ್ದು, ಕಳೆದದ್ದು ಎಲ್ಲ ಆ ಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಇರುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಗೇಟ್ ಕಾಯೋರು ಕಂಪ್ಯೂಟರ್ ಕಾಯ್ತಾರಂತೆ ಕಣೇ" ಅಂತ ಗೀತಾಳ ಹತ್ತಿರ ಹೇಳಿ ನಕ್ಕೆ. ಬೇಕಂತಲೇ ಅವರಿಗೆ ಕೇಳುವ ಹಾಗೆ.

ಒಂದು ವಾರ ಅವರು ಏನೂ ಮಾಡಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಕೂತು ಚಹಾ ಕುಡಿದರು. ಶನಿವಾರ ಎಲ್ಲರನ್ನೂ ಶೆಡ್ಡಿಗೆ ಕರೆದು ನಿಂತರು.

"ಬರೋ ತಿಂಗಳು ಎರಡನೇ ಶೆಡ್ಡಲ್ಲಿ ಯಾವ ಎರಕ ಅಂತ ನಂಗೊತ್ತು. ಯಾರಿಗೆ ಹೋಗುತ್ತೆ ಅಂತ ಗೊತ್ತು. ಓನರು ಬುಧವಾರ ಊರಲ್ಲಿರಲ್ಲ ಅಂತ ಗೊತ್ತು. ಕಂಪ್ಯೂಟರಿನ ಪಾಸ್‌ವರ್ಡೂ ಗೊತ್ತು, ಹೇಳ್ಲಾ? ನಾನು ಯಾರನ್ನೂ ಏನೂ ಕೇಳಿಲ್ಲ ಮಾರಾಯ್ರ. ಚಹಾ ಕುಡಿದೆ, ಅಷ್ಟೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವತ್ತು ಶೆಡ್ಡಿನಲ್ಲಿ ಮುಟ್ಟಿ ನೋಡಿಕೊಳ್ಳದ ಹೆಗಲಿರಲಿಲ್ಲ. ಆಮೇಲೆ ಜೇಬಿನಿಂದ ಒಂದು ಮಂಡಕ್ಕಿ ಪೊಟ್ಟಣ ತೆಗೆದರು. ನಮ್ಮ ಗೇಟಿನ ಹೊರಗೆ ಪುಟ್ಟಮ್ಮ ಅನ್ನುವವರು ಗಾಡಿ ಇಟ್ಟುಕೊಂಡಿದ್ದರು, ಅವರ ಖಾರ ಮಂಡಕ್ಕಿ ಅಂದರೆ ನನಗೆ ಪ್ರಾಣ. ಹಾಲೇಶಣ್ಣ ಉಳಿದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಪೊಟ್ಟಣದ ಸುರುಳಿ ಬಿಡಿಸಿ ಎತ್ತಿ ಹಿಡಿದರು. ಎಣ್ಣೆ ಕುಡಿದ ಆ ಹಾಳೆಯ ಮೇಲೆ ನಮ್ಮ ಪಂಪಿನ ಡ್ರಾಯಿಂಗು! ಮೂಲೆಯಲ್ಲಿ ಗಿರಾಕಿಯ ಮೊಹರು, ಅಳತೆಗಳು, ಎಲ್ಲ.

"ಐಯೋ ಮುರುಗಾ," ಅಂದರು ಸೆಲ್ವಂ ಮೇಸ್ತ್ರಿ, "ಇದು ನಾನು ಕೆತ್ತಿರೋ ಪಂಪು!"

ತಪ್ಪು ಪ್ರಿಂಟುಗಳನ್ನು ನಾನೇ ರದ್ದಿ ಮೂಟೆಗೆ ಎಸೆಯುತ್ತಿದ್ದೆ. ರದ್ದಿಯವನಿಂದ ಪುಟ್ಟಮ್ಮ ತಗೊಳ್ಳುತ್ತಿದ್ದರು, ಪಾಪ, ಅವರಿಗೇನು ಗೊತ್ತು. ಡ್ರಾಯಿಂಗ್ ಹೊರಗೆ ಹೋಗಿದ್ದು ಹೀಗೇ ಅಂತ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಹೋಗೋಕೆ ದಾರಿ ಇತ್ತು, ಆ ದಾರಿಯಲ್ಲಿ ನಾನೇ ಮಂಡಕ್ಕಿ ತಿನ್ನುತ್ತಾ ನಡೆದಿದ್ದೆ. "ಮನೇಲಿ ಕುಲುಮೆ ಇಟ್ಕೊಂಡು ಕಾಗದ ರದ್ದಿಗೆ ಹಾಕ್ತೀರಲ್ಲಪ್ಪ, ಏನು ಬುದ್ಧಿ!" ಅಂದರು ಹಾಲೇಶಣ್ಣ. ಅವತ್ತಿನಿಂದ ಪ್ರತಿ ಶನಿವಾರ ಬೇಡದ ಡ್ರಾಯಿಂಗೆಲ್ಲ ಅವರ ಕಣ್ಣೆದುರೇ ಕುಲುಮೆಗೆ ಹೋಗುತ್ತಿತ್ತು.

ಪಾಸ್‌ವರ್ಡು ಅನ್ನುವ ಪದ ಅವರಿಗೆ ಇಷ್ಟವಿರಲಿಲ್ಲ. "ಅದೂ ಒಂದು ಬೀಗದ ಕೈ ಕಣ್ರೋ. ಬೀರುವಿನ ಬೀಗದ ಕೈ ಭಟ್ಟರ ಕೈಲಿ ಕೊಡ್ತೀರಾ?" ಅನ್ನುತ್ತಿದ್ದರು. ಮನೆದೇವರ ಹೆಸರು ತೆಗೆಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿಸಿದರು. ಅದಕ್ಕೊಂದು ಉಪಾಯ ಹೇಳಿಕೊಟ್ಟರು ನೋಡಿ, ಆ ಬೆಂಗಳೂರಿನ ಟೈಯವರಿಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. "ದೇವರು, ಮಕ್ಕಳು, ಹುಟ್ಟಿದ ದಿನ ಬೇಡ. ಯಾವತ್ತೋ ನಿಮಗೆ ಭಾರಿ ನಾಚಿಕೆ ಆಗಿದ್ದ ಸಂಗತಿ ಒಂದು ಇರುತ್ತಲ್ಲ, ಯಾರಿಗೂ ಹೇಳಿರಲ್ಲ. ಅದನ್ನ ಒಂದು ಸಾಲು ಮಾಡ್ಕಳಿ, ಆ ಸಾಲಿನ ಮೊದಲಕ್ಷರ ಎಲ್ಲ ಜೋಡಿಸಿ. ಮರೆಯೋದೂ ಇಲ್ಲ, ಬಾಯಿ ಬಿಡೋದೂ ಇಲ್ಲ." ನನ್ನದು ಏನಿತ್ತು ಅಂತ ಕೇಳಬೇಡಿ. ಇವತ್ತಿಗೂ ಹೇಳಲ್ಲ.

ಇಷ್ಟಾದರೂ ನನ್ನ ಜಂಭ ಪೂರ್ತಿ ಇಳಿದಿರಲಿಲ್ಲ. ಅದು ಇಳಿದದ್ದು ಆಗಸ್ಟಿನ ಒಂದು ಮಧ್ಯಾಹ್ನ, ಮಳೆ ಶೀಟಿನ ಮೇಲೆ ಧೋ ಅಂತ ಬಡಿಯುತ್ತಿದ್ದಾಗ. ಫೋನ್ ಬಂತು. ಗಂಭೀರ ಧ್ವನಿ. ನಿಮ್ಮ ಓನರು ನಮ್ಮ ಆಫೀಸಿನಲ್ಲೇ ಕೂತಿದ್ದಾರೆ, ಮೀಟಿಂಗಿನಲ್ಲಿದ್ದಾರೆ, ತುರ್ತಾಗಿ ಒಂದು ಡ್ರಾಯಿಂಗ್ ನೋಡಬೇಕಂತೆ, ನಿಮ್ಮ ಪಾಸ್‌ವರ್ಡ್ ಕೇಳ್ತಿದಾರೆ, ಬೇಗ, ಬೇಗ. ಓನರ ಹೆಸರು ಕೇಳಿದ್ದೇ ನಾನು ಎದ್ದು ನಿಂತುಬಿಟ್ಟಿದ್ದೆ. ನಿಂತುಕೊಂಡೇ ಹೇಳಿದೆ. ಕೆಟ್ಟದಾಗಿ ಕೇಳಿಸುತ್ತಿದೆ ಅಂದಾಗ ಎರಡನೇ ಸಲ ಇನ್ನೂ ಸ್ಪಷ್ಟವಾಗಿ ಹೇಳಿದೆ.

ಐದು ನಿಮಿಷಕ್ಕೆ ಹಾಲೇಶಣ್ಣ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಸೋರುವ ಕೊಡೆ ಮೂಲೆಗಿಟ್ಟು, ಒಂದು ಚೀಟಿ ನನ್ನ ಮೇಜಿನ ಮೇಲಿಟ್ಟರು. "ಇದು ನಿಂದೇನವ್ವ, ನೋಡು." ಅಕ್ಷರ ತಪ್ಪಿಲ್ಲದೆ ನನ್ನದೇ. ರಸ್ತೆಯಾಚೆ ಎಸ್‌ಟಿಡಿ ಬೂತಿನಿಂದ ದನಿ ಬದಲಿಸಿ ಮಾತಾಡಿದ್ದರು ಪುಣ್ಯಾತ್ಮ.

ಅತ್ತುಬಿಟ್ಟೆ. "ಓನರಿಗೆ ಹೇಳಬೇಡಿ ಹಾಲೇಶಣ್ಣ, ನನ್ನ ಕೆಲಸ ಹೋಗುತ್ತೆ, ಮಾರ್ಚಿಗೆ ನಮಗೆ ಮನೇನೇ ಇರಲ್ಲ."

"ನಾನು ಹೇಳಲ್ಲ," ಅಂದರು. "ನೀನೇ ಹೇಳ್ತೀಯ. ಸೋಮವಾರ, ಎಲ್ಲರ ಮುಂದೆ. ಅಳಬೇಡ, ಮೂಗು ಒರೆಸ್ಕೋ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆದ್ರೆ ಹೋಗಿದ್ದು ಬೇಗ ಗೊತ್ತಾದ್ರೆ ಬೀಗ ಬದಲಾಯಿಸಬಹುದು."

ಸೋಮವಾರ ಅವರು ಓನರನ್ನೇ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಮೊದಲು ಓನರ ಬಾಯಲ್ಲೇ ಹೇಳಿಸಿದರು, ತಪ್ಪು ಮಾಡಿ ತಾನಾಗೇ ಹೇಳಿದವರಿಗೆ ಬೈಗುಳ ಇಲ್ಲ, ಮುಚ್ಚಿಟ್ಟವರಿಗೆ ಕ್ಷಮೆ ಇಲ್ಲ. ಆಮೇಲೆ ನಾನು ಹೇಳಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಓನರ ಮುಖ ಕೆಂಪಾಯಿತು, ಬಾಯಿ ತೆರೆದರು, ಹಾಲೇಶಣ್ಣ ಒಮ್ಮೆ ಅವರ ಕಡೆ ನೋಡಿದರು, ಓನರು ಬಾಯಿ ಮುಚ್ಚಿದರು. ಅಷ್ಟೇ. ಆಮೇಲಿನ ಹದಿನೈದು ದಿನ ನೋಡಬೇಕಿತ್ತು! ರಾಜಣ್ಣ ಡ್ರಾಯಿಂಗಿನ ಫ್ಲಾಪಿ ಟಿಫಿನ್ ಡಬ್ಬಿಯಲ್ಲಿ ಮನೆಗೆ ಹೋಗಿಬಿಟ್ಟಿತ್ತು ಅಂತ ಬಂದು ಹೇಳಿದ. ಭಟ್ಟರು ತಾವು ಬಾಯಿ ತಪ್ಪಿ ಲಾರಿಯವರ ಹತ್ತಿರ ಆಡಿದ್ದನ್ನು ಹೇಳಿದರು. ಗೇಟ್ ಪುಸ್ತಕದಲ್ಲಿ ಎಲ್ಲದಕ್ಕೂ ಒಂದೊಂದು ಸಾಲು. ಹೇಳಿ ಹೊರಗೆ ಬಂದವರ ಮುಖ ಸ್ನಾನ ಮಾಡಿ ಬಂದವರ ಹಾಗಿರುತ್ತಿತ್ತು. ನನಗೆ ಆ ಮುದುಕರ ಮೇಲೆ ಗೌರವ ಹುಟ್ಟಿದ್ದು ಆಗ. ಹೆದರಿಸಿ ಬೀಗ ಹಾಕಿಸೋದು ಯಾರಿಗೂ ಬರುತ್ತೆ, ಹೆದರಿಕೆ ತೆಗೆದು ಬಾಯಿ ಬಿಡಿಸೋದು ಅವರೊಬ್ಬರಿಗೇ ಬರುತ್ತಿತ್ತು.

ಇನ್ನು ಆಯುಧ ಪೂಜೆ. ಅವತ್ತು ಶುಕ್ರವಾರ, ಗಿರಾಕಿಯ ಕಡೆಯವರು ಬರುವ ಸೋಮವಾರಕ್ಕೆ ಮೂರೇ ದಿನ. ನಮ್ಮ ಫೌಂಡ್ರಿಯಲ್ಲಿ ಒಂದು ಪದ್ಧತಿ. ಪೂಜೆಯ ದಿನ ಇಡೀ ಫೌಂಡ್ರಿಯ ಬೀಗದ ಕೈಗಳೆಲ್ಲ, ಶೆಡ್ಡಿಂದು, ಬೀರುವಿಂದು, ಲಾರಿಯದ್ದು, ಒಂದು ದೊಡ್ಡ ಹಿತ್ತಾಳೆ ತಟ್ಟೆಗೆ ಬೀಳಬೇಕು. ಕುಂಕುಮ, ಅಕ್ಷತೆ, ಸೇವಂತಿಗೆ, ಒಡೆದ ಕಾಯಿ ಎಲ್ಲ ಅದರಲ್ಲೇ. ಗೇಟಿನವರು ಆ ತಟ್ಟೆ ಹಿಡಿದು ಬಂದವರೆಲ್ಲರ ಮುಂದೆ ಒಂದು ಸುತ್ತು ಬರಬೇಕು. ಅಕ್ಕಪಕ್ಕದ ಫೌಂಡ್ರಿಯವರು, ಸಾಮಾನು ಕೊಡುವವರು, ಲಾರಿಯವರು ಎಲ್ಲ ಬಂದು ಕಣ್ಣಿಗೊತ್ತಿಕೊಂಡು ಕಡ್ಲೆಪುರಿ, ಸಿಹಿ ತಗೊಂಡು ಹೋಗುತ್ತಾರೆ. ತಟ್ಟೆಗೆ ಬೀಳದ ಬೀಗದ ಕೈ ವರ್ಷವಿಡೀ ಕಾಟ ಕೊಡುತ್ತೆ ಅಂತ ನಂಬಿಕೆ.

ಐಡಿಯಾ ನನ್ನದೇ. "ಅಲ್ವೇ ಗೀತಾ, ಪಾಸ್‌ವರ್ಡೂ ಬೀಗದ ಕೈ ಅಂತ ಹಾಲೇಶಣ್ಣನೇ ಹೇಳಿಲ್ವಾ? ನಮ್ಮದಕ್ಕೆ ಪೂಜೆ ಬೇಡ್ವಾ?" ಅಂದೆ. ನಾನು, ಗೀತಾ, ರಾಜಣ್ಣ ಮೂವರೂ ಒಂದೊಂದು ಚೀಟಿಯಲ್ಲಿ ಬರೆದು, ಎರಡು ಮಡಿಕೆ ಮಾಡಿ, ಮೇಲೆ ಅರಿಶಿನ ಹಚ್ಚಿ, ಭಕ್ತಿಯಿಂದ ತಟ್ಟೆಗೆ ಹಾಕಿದೆವು. ಮೂರು ತಿಂಗಳ ಪಾಠ ನಮಗೆ ಅಷ್ಟು ಚೆನ್ನಾಗಿ ಹತ್ತಿತ್ತು! ಹಾಲೇಶಣ್ಣ ಕನ್ನಡಕ ಗೇಟಿನಲ್ಲೇ ಬಿಟ್ಟಿದ್ದರು, ಸಾಂಬ್ರಾಣಿ ಹೊಗೆ ಬೇರೆ. ತಟ್ಟೆ ಹಿಡಿದು ಊರ ಫೌಂಡ್ರಿಯವರಿಗೆಲ್ಲ ನಮ್ಮ ಪಾಸ್‌ವರ್ಡು ತೋರಿಸುತ್ತಾ ಒಂದು ಸುತ್ತು ಬಂದರು.

ಪೂಜೆ ಮುಗಿದು ನಮ್ಮ ನಮ್ಮ ಬೀಗದ ಕೈ ಆರಿಸಿಕೊಳ್ಳುವಾಗ ಗೀತಾಳ ಚೀಟಿ ಇತ್ತು, ರಾಜಣ್ಣನದು ಇತ್ತು, ನನ್ನದಿಲ್ಲ. ಹೂವಿನ ಕೆಳಗೆ, ಕುಂಬಳಕಾಯಿ ಒಡೆದ ಜಾಗದಲ್ಲಿ, ಬಂದವರ ಕಾಲಡಿ, ಎಲ್ಲಾ ಹುಡುಕಿದೆ. ಆಗಲೇ ನನಗೆ ಬೆಳಕಾಗಿದ್ದು, ಎಂಥಾ ದಡ್ಡ ಕೆಲಸ ಮಾಡಿದ್ದೀನಿ ಅಂತ. ಕಂಪ್ಯೂಟರ್ ರೂಮಿಗೆ ಓಡಿ ಮೂರೂ ಪಾಸ್‌ವರ್ಡು ಬದಲು ಮಾಡಿಸಿದೆ. ಗೀತಾ, "ಆಯ್ತಲ್ಲ, ಇನ್ನು ಸುಮ್ನಿರು" ಅಂದಳು. ನನಗೂ ಅದೇ ಸರಿ ಅನ್ನಿಸಿತು. ಹೇಳಿದರೆ ನನಗೆ ಬೈಗುಳ ಇಲ್ಲದೇ ಇರಬಹುದು. ಆದರೆ ತಟ್ಟೆ ಹಿಡಿದವರು ಹಾಲೇಶಣ್ಣ. ಗಿರಾಕಿಯ ಕಡೆಯವರು ಬರೋಕೆ ಮೂರು ದಿನ ಇರುವಾಗಲೇ ಅವರ ಕೈಯಿಂದ ಹೋಯಿತು ಅಂದರೆ ಓನರು ಅವರನ್ನು ಇಟ್ಟುಕೊಳ್ಳುತ್ತಾರಾ?

ಮರುದಿನ ವಿಜಯದಶಮಿ. ಬನ್ನಿ ಕೊಡುವ ನೆಪ ಮಾಡಿಕೊಂಡು ಸಂಜೆ ನ್ಯೂ ಟೌನಿಗೆ ಹೋದೆ. ಹಾಲೇಶಣ್ಣ ಜಗುಲಿಯಲ್ಲಿ ಕೂತಿದ್ದರು. ಕಾಲು ಮುಟ್ಟಿ ಬನ್ನಿ ಕೊಟ್ಟೆ. "ಬನ್ನಿ ತಗೊಂಡು ಬಂಗಾರದ ಹಂಗೆ ಇರವ್ವ" ಅಂದರು. ಅಷ್ಟಕ್ಕೇ ಎಲ್ಲ ಹೇಳಿಬಿಟ್ಟೆ. ಹೇಳಿ, "ಆಗಲೇ ಬದಲಾಯಿಸಿದ್ದೀನಿ, ಏನೂ ಹೋಗಿಲ್ಲ. ಯಾರಿಗೂ ಗೊತ್ತಿಲ್ಲ. ನಿಮ್ಮ ಸಲುವಾಗಿಯಾದ್ರೂ ಇದು ಇಲ್ಲಿಗೇ ಇರ್ಲಿ" ಅಂತ ಸೇರಿಸಿದೆ.

ಅವರು ಬನ್ನಿ ಎಲೆಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

"ನಾನು ಹಳೇ ಕಾರ್ಖಾನೆ ಗೇಟಿಗೆ ಸೇರಿದ ಹೊಸದು," ಅಂದರು. "ಒಂದು ಬೀಗದ ಕೈ ಕಳೆದೆ. ಬೈತಾರೆ ಅಂತ ಹೆದರಿ ಮೂರು ದಿನ ಮುಚ್ಚಿಟ್ಟೆ. ಮೂರನೇ ದಿನ ಸಾಮಾನು ಹೋಗಿತ್ತು. ಅನುಮಾನ ಬಂದಿದ್ದು ನನ್ನ ಜೊತೆಗಾರನ ಮೇಲೆ. ಅವನನ್ನ ತೆಗೆದುಹಾಕಿದರು. ನಾನು ಬಾಯಿ ಬಿಟ್ಟಿದ್ದು ಅವನು ಊರು ಬಿಟ್ಟು ಹೋದ ಮೇಲೆ. ಬೀಗದ ಕೈ ಕಳೆದಿದ್ದು ತಪ್ಪಲ್ಲ ಶೈಲಮ್ಮ. ಆ ಮೂರು ದಿನ ತಪ್ಪು. ನಿಂದು ಒಂದು ದಿನ ಆಗಿದೆ. ಎರಡನೇದು ಬೇಡ."

ಎದ್ದು ಚಪ್ಪಲಿ ಮೆಟ್ಟಿಕೊಂಡು, ಬೀದಿ ತುದಿಯ ಬೂತಿಗೆ ಹೋಗಿ ಓನರ ಮನೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅತ್ತ ಕಡೆಯ ಕೂಗು ನನಗೂ ಕೇಳಿಸುತ್ತಿತ್ತು. "ಹೌದು ಸ್ವಾಮಿ, ತಟ್ಟೆ ಹಿಡಿದಿದ್ದು ನಾನೇ. ಕನ್ನಡಕ ಹಾಕದೇ ಇದ್ದಿದ್ದೂ ನಾನೇ. ಸೋಮವಾರ ಬಂದೋರಿಗೂ ನಾನೇ ಹೇಳ್ತೀನಿ" ಅಂದರು. ಆಮೇಲೆ ಅತ್ತ ಏನಂದರೋ, "ಆಗಲಿ, ಅದು ನಿಮ್ಮಿಷ್ಟ" ಅಂತ ಫೋನ್ ಇಟ್ಟರು. ಸೋಮವಾರ ಸಂಜೆಗೆ ಲೆಕ್ಕ ಮುಗಿಸಿ ಕೆಲಸ ಬಿಟ್ಟು ಹೋಗಿ ಅಂದಿದ್ದರಂತೆ ಓನರು. ಇದನ್ನು ಅವರು ನಗುನಗುತ್ತಾ ಹೇಳಿದರು. ನಾನು ಬಸ್ಸಿನಲ್ಲಿ ಕಾಗದನಗರದವರೆಗೂ ಅಳುತ್ತಾ ಹೋದೆ.

ಸೋಮವಾರ ಬಂದವರು ದಪ್ಪ ಕನ್ನಡಕದ ಒಬ್ಬ ಹೆಂಗಸು, ಹುಬ್ಬಳ್ಳಿ ಕಡೆಯ ಮಾತು. ಅವರ ಹಿಂದೆ ಫೈಲು ಹಿಡಿದ ಇನ್ನೊಬ್ಬರು. ಓನರ ರೂಮಿಗೆ ನನ್ನನ್ನೂ ಕರೆಸಿದ್ದರು. ಓನರು ಮೈಸೂರು ಪಾಕು ಮುಂದಿಟ್ಟು, "ನಮ್ಮಲ್ಲಿ ಎಲ್ಲಾ ಪರ್ಫೆಕ್ಟ್ ಮೇಡಂ" ಅಂತ ಶುರು ಮಾಡಿದ್ದರು. ಹಾಲೇಶಣ್ಣ ಕನ್ನಡಕ ಹಾಕಿಕೊಂಡು, ಗೇಟ್ ಪುಸ್ತಕ ಬಿಡಿಸಿ ಓದಿದರು. "ಶುಕ್ರವಾರ ಹನ್ನೊಂದೂವರೆಗೆ ಪೂಜೆ ತಟ್ಟೆಯಿಂದ ಕಂಪ್ಯೂಟರಿನ ಒಂದು ಬೀಗದ ಕೈ ಚೀಟಿ ಕಳೆದಿದೆ. ತಟ್ಟೆ ಹಿಡಿದವರು ಹಾಲೇಶಪ್ಪ. ಹನ್ನೆರಡೂಕಾಲಿಗೆ ಬೀಗ ಬದಲಾಗಿದೆ. ಶನಿವಾರ ಸಂಜೆ ಆರಕ್ಕೆ ಓನರಿಗೆ ತಿಳಿಸಿದೆ. ಚೀಟಿ ಸಿಕ್ಕಿಲ್ಲ." ಓನರು ಕಣ್ಣು ಮುಚ್ಚಿಕೊಂಡರು.

ಆ ಮೇಡಂ ಮೈಸೂರು ಪಾಕು ಕೆಳಗಿಟ್ಟರು. "ನಮಗಿದು ಗೊತ್ತಽ ಆಗ್ತಿರಲಿಲ್ಲಲ್ರೀ ಅಜ್ಜಾರ. ಯಾಕ ಹೇಳಿದ್ರಿ?"

ಹಾಲೇಶಣ್ಣ ಉತ್ತರ ಕೊಡುವ ಮುಂಚೆಯೇ ಬಾಗಿಲಲ್ಲಿ ಸೆಲ್ವಂ ಮೇಸ್ತ್ರಿ ಬಂದು ನಿಂತರು. ಮೈತುಂಬಾ ಮರದ ಹೊಟ್ಟು, ಕೈಯಲ್ಲಿ ಒಂದು ಲಕೋಟೆ, ಬಾಯಿ ಅನ್ನದ ಅಗುಳಿನಿಂದ ಅಂಟಿಸಿದ್ದು. ಒಳಗೆ ಯಾರಿದ್ದಾರೆ ಅಂತ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಬಂದರು.

"ಅಣ್ಣಾ, ಬೈಬೇಡಿ. ಪೂಜೇಲಿ ನಂಗೆ ತೆಂಗಿನಕಾಯಿ ಹೋಳು ಕೊಟ್ರಲ್ಲ, ಅದರ ತಳಕ್ಕೆ ಇದು ಅಂಟ್ಕೊಂಡಿತ್ತು. ನಿನ್ನೆ ಮನೆಯವಳು ಕಾಯಿ ತುರಿಯೋಕೆ ತಗೊಂಡಾಗ ಸಿಕ್ತು. ತಟ್ಟೇಲಿದ್ದ ಚೀಟಿ ಅಂದ್ಮೇಲೆ ಯಾರದೋ ಬೀಗದ ಕೈ ಅಂತ ತಿಳೀತು. ನಾನು ಬಿಡಿಸಿಲ್ಲ ಅಣ್ಣಾ, ಅವಳಿಗೂ ಬಿಡಿಸೋಕೆ ಬಿಡ್ಲಿಲ್ಲ. ಮುರುಗನಾಣೆ. ಕಳ್ಳ ಅಂತ ತಿಳ್ಕೊಂಡ್ರೂ ತಿಳ್ಕೊಳ್ಳಿ, ಹೇಳ್ದೋರಿಗೆ ಬೈಯಲ್ಲ ಅಂತ ನೀವೇ ಹೇಳಿದ್ರಿ."

ಲಕೋಟೆ ಒಡೆದರೆ ನನ್ನ ಚೀಟಿ. ಎರಡು ಮಡಿಕೆ ಹಾಗೇ ಇತ್ತು, ಕಾಯಿ ನೀರಿಗೆ ಅಂಟಿಕೊಂಡು ಒಣಗಿ, ಅರಿಶಿನ ಹತ್ತಿ. ಕಂಪ್ಯೂಟರ್ ರೂಮಿನ ಗಾಜು ಹೊರಗಿನಿಂದ ಮಾತ್ರ ನೋಡಿದ್ದ ಮನುಷ್ಯ! ನನ್ನ ಕೈಗೆ ಕೊಟ್ಟಾಗ ನಾನು ಅದನ್ನು ಬಿಡಿಸಲಿಲ್ಲ, ಎದೆಗೊತ್ತಿಕೊಂಡೆ. ಆ ಮೇಡಂ ಓನರ ಕಡೆ ತಿರುಗಿ, "ನಾ ಹೋದ ಕಡೆ ಎಲ್ಲಾ ಏನೂ ಕಳದಿಲ್ಲ ಅಂತ ಹೇಳ್ತಾರ್ರೀ. ಕಳದದ್ದು ಹೊಳ್ಳಿ ಬಂದಿದ್ದು ನಿಮ್ಮಲ್ಲೇ ನೋಡಿದೆ. ಈ ಅಜ್ಜಾರನ್ನ ಬಿಡಬ್ಯಾಡ್ರಿ" ಅಂದರು.

ದೀಪಾವಳಿಗೆ ಆರ್ಡರು ಬಂತು. ಓನರು ಹಾಲೇಶಣ್ಣನ ಹತ್ತಿರ ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡವರಲ್ವಾ. ಗೇಟಿನ ಕೊಠಡಿಗೆ ಹೊಸ ಕುರ್ಚಿ ಕಳಿಸಿದರು. ಮಾರ್ಚಿಗೆ ನಾವು ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಹೋದಾಗ ಅಡ್ವಾನ್ಸ್ ಕೊಟ್ಟಿದ್ದು ನನ್ನ ಖಾಯಂ ಸಂಬಳದಿಂದ. ಹಾಲು ಉಕ್ಕಿಸುವ ದಿನ ಹಾಲೇಶಣ್ಣ ಬಂದು ಬಾಗಿಲ ಚಿಲಕ ಎಳೆದೆಳೆದು ನೋಡಿ, "ಗಟ್ಟಿಯಾಗಿದೆ" ಅಂತ ಹೇಳಿ ಪಾಯಸ ಕುಡಿದು ಹೋದರು.

ಮುಂದಿನ ವರ್ಷದ ಆಯುಧ ಪೂಜೆ. ಮತ್ತೆ ಅದೇ ತಟ್ಟೆ, ಅದೇ ಸಾಂಬ್ರಾಣಿ. ಈ ಸಲ ಹಾಲೇಶಣ್ಣ ಕನ್ನಡಕ ಹಾಕಿದ್ದರು. ಎಲ್ಲರೂ ಒಬ್ಬೊಬ್ಬರಾಗಿ ಬೀಗದ ಕೈ ಹಾಕಿದರು. ನಾವು ಮೂವರು ಬರಿಗೈಯಲ್ಲಿ ಹಿಂದೆ ನಿಂತಿದ್ದೆವು. ತಟ್ಟೆ ನಮ್ಮ ಮುಂದೆ ಬಂತು.

"ನಿನ್ನ ಬೀಗದ ಕೈ ಎಲ್ಲವ್ವ, ಶೈಲಮ್ಮ?"

"ನಮ್ಮದು ತಲೇಲಿದೆ, ತಟ್ಟೆಗೆ ಬರಲ್ಲ ಹಾಲೇಶಣ್ಣ" ಅಂದೆ.

"ಹಂಗಂತ ಪೂಜೆ ಇಲ್ದೆ ಬಿಡಾಕಾಗುತ್ತಾ? ತಲೆ ಬಗ್ಗಿಸು."

ಬಗ್ಗಿಸಿದೆ. ತಟ್ಟೆಯಿಂದ ಒಂದು ಹಿಡಿ ಅಕ್ಷತೆ ತೆಗೆದು ನನ್ನ ನೆತ್ತಿಯ ಮೇಲೆ ಹಾಕಿದರು. ಆಮೇಲೆ ಗೀತಾಳ ತಲೆಗೆ, ರಾಜಣ್ಣನ ತಲೆಗೆ. ಸೆಲ್ವಂ ಮೇಸ್ತ್ರಿಗೆ ಕಂಪ್ಯೂಟರೂ ಇರಲಿಲ್ಲ, ಪಾಸ್‌ವರ್ಡೂ ಇರಲಿಲ್ಲ. ಆದರೂ ಅವರು ತಾವಾಗೇ ಮುಂದೆ ಬಂದು ನಮ್ಮ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತರು. ಹಾಲೇಶಣ್ಣ ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಎಲ್ಲರಿಗಿಂತ ದೊಡ್ಡ ಹಿಡಿ ಅವರ ತಲೆಗೇ ಹಾಕಿದರು.